ನಾಮಿನಿ ಎಂದರೆ ವಾರಸುದಾರರಲ್ಲ: ಎಫ್‌ಡಿ, ವಿಮೆ, ಉಯಿಲು, ಪೌತಿ ಖಾತೆ ಬಗ್ಗೆ ತಿಳಿದಿರಬೇಕಾದ್ದು

“ಬ್ಯಾಂಕ್ ಖಾತೆಗೆ, ವಿಮೆಗೆ ಯಾರು ನಾಮಿನಿಯೋ ಹಣವೆಲ್ಲ ಅವರದ್ದೇ. ಉಳಿದವರು ಕೇಳುವ ಹಾಗಿಲ್ಲ.” ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಓದಿದರೆ ಸರಿ ಎನಿಸುತ್ತದೆ. ಆದರೆ ಮನೆಯಲ್ಲಿ ದುಡಿಯುವವರು ತೀರಿಕೊಂಡಾಗ ಇದನ್ನೇ ನಂಬಿ ಕೂತರೆ ಹೆಂಡತಿ, ಮಕ್ಕಳು, ತಾಯಿ ತಮ್ಮ ಪಾಲನ್ನು ಕೇಳದೆಯೇ ಬಿಟ್ಟುಬಿಡುವ ಅಪಾಯವಿದೆ. ಆದ್ದರಿಂದ ಈ ಮಾತು ಎಷ್ಟು ನಿಜ, ಎಷ್ಟು ಸುಳ್ಳು ಎಂದು ನಾವು ಬಿಡಿಸಿ ನೋಡೋಣ.

ಒಂದು ಉದಾಹರಣೆ

ಇದು ಕಲ್ಪಿತ ಉದಾಹರಣೆ, ಆದರೆ ಯಾವ ಊರಿನಲ್ಲೂ ನಡೆಯಬಹುದಾದದ್ದು. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ (ಹಾಸನ ಜಿಲ್ಲೆಯ ಅರಸೀಕೆರೆ ಅಲ್ಲ) ಕಡೆಯ ಒಬ್ಬ ರೈತ ಎಂದುಕೊಳ್ಳಿ. ಬ್ಯಾಂಕಿನಲ್ಲಿ 3 ಲಕ್ಷ ರೂಪಾಯಿ ಎಫ್‌ಡಿ ಇದೆ. ಖಾತೆಯಿಂದ ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗುವ ವಿಮೆ ಇದೆ. ಸ್ವಂತ ದುಡಿಮೆಯಲ್ಲಿ ಕೊಂಡ ಮೂರು ಎಕರೆ ಹೊಲವೂ ಇದೆ. ಎಫ್‌ಡಿ ಮಾಡಿಸಿದ್ದು, ವಿಮೆಗೆ ಸೇರಿದ್ದು ಎರಡೂ ಮದುವೆಗೆ ಮುಂಚೆ. ಎರಡಕ್ಕೂ ಅಣ್ಣನನ್ನೇ ನಾಮಿನಿ ಮಾಡಿದ್ದ. ಆಮೇಲೆ ಮದುವೆಯಾಯಿತು, ಎರಡು ಮಕ್ಕಳಾದವು, ಫಾರಂ ಮಾತ್ರ ಹಾಗೇ ಉಳಿಯಿತು. ಉಯಿಲು ಬರೆದಿಡದೆ ಆತ ತೀರಿಕೊಂಡ. ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಮಕ್ಕಳಿದ್ದಾರೆ.

ಹಣ ಯಾರಿಗೆ ಸೇರಬೇಕು? ಸಂದೇಶದ ಪ್ರಕಾರ ಎಲ್ಲವೂ ಅಣ್ಣನಿಗೆ. ಕಾನೂನು ಹಾಗೆ ಹೇಳುವುದಿಲ್ಲ.

ನಾಮಿನಿ ಯಾರು, ವಾರಸುದಾರರು ಯಾರು?

ನಾಮಿನಿ ಎಂದರೆ ಖಾತೆದಾರರು ತೀರಿಕೊಂಡ ಮೇಲೆ ಬ್ಯಾಂಕಿನಿಂದ ಅಥವಾ ವಿಮಾ ಕಂಪನಿಯಿಂದ ಹಣ ಪಡೆಯಲು ಹೆಸರಿಸಿದ ವ್ಯಕ್ತಿ. ಇವರ ಕೈಗೆ ಹಣ ಕೊಟ್ಟರೆ ಬ್ಯಾಂಕಿನ ಜವಾಬ್ದಾರಿ ಮುಗಿಯುತ್ತದೆ. ಆ ಹಣದ ಒಡೆತನ ಯಾರದ್ದು ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಇರುವುದು ಉಯಿಲಿನಲ್ಲಿ, ಉಯಿಲು ಇಲ್ಲದಿದ್ದರೆ ಉತ್ತರಾಧಿಕಾರ ಕಾನೂನಿನಲ್ಲಿ.

ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ಪುರುಷನ ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ ಬರುತ್ತಾರೆ. ಇವರಿಗೆಲ್ಲ ಸಮಪಾಲು. ಮಗಳಿಗೆ ಮದುವೆಯಾಗಿದ್ದರೂ ಅವಳ ಪಾಲು ಕಡಿಮೆಯಾಗುವುದಿಲ್ಲ. ತಂದೆ, ಅಣ್ಣ, ತಮ್ಮ ಎರಡನೇ ವರ್ಗದವರು. ಮೊದಲ ವರ್ಗದವರು ಒಬ್ಬರಿದ್ದರೂ ಇವರಿಗೆ ಪಾಲಿಲ್ಲ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೆ ಅವರವರ ಕಾನೂನು ಅನ್ವಯಿಸುತ್ತದೆ, ಪಾಲಿನ ಲೆಕ್ಕವೂ ಬೇರೆ.

ಈಗ ಉದಾಹರಣೆಗೆ ಮರಳೋಣ. 3 ಲಕ್ಷದ ಎಫ್‌ಡಿಯನ್ನು ಬ್ಯಾಂಕು ಅಣ್ಣನ ಕೈಗೇ ಕೊಡುತ್ತದೆ. ಅದು ತಪ್ಪಲ್ಲ. ಆದರೆ ಅಣ್ಣ ಅದನ್ನು ತಾಯಿ, ಹೆಂಡತಿ, ಇಬ್ಬರು ಮಕ್ಕಳಿಗೆ ತಲಾ 75,000 ರೂಪಾಯಿಯಂತೆ ಒಪ್ಪಿಸಬೇಕು. ಆತ ಕೊಡದಿದ್ದರೆ ಅವರು ಸಿವಿಲ್ ಕೋರ್ಟಿನಲ್ಲಿ ಕೇಳಬಹುದು.

ಷೇರುಗಳಿಗೂ ಇದೇ ಮಾತು. ಕಂಪನಿ ಷೇರಿನ ನಾಮಿನಿ ಅದರ ಒಡೆಯರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ.

ವಿಮೆಯಲ್ಲಿ ಬೇರೆ ನಿಯಮ ಇದೆಯಲ್ಲವೇ?

ಸಂದೇಶದಲ್ಲಿ ಸ್ವಲ್ಪ ನಿಜ ಇರುವುದು ಇಲ್ಲೇ. ವಿಮೆಯ ನಾಮಿನಿ ಹಣ ಪಡೆಯುವವರು ಮಾತ್ರ, ಹಣ ವಾರಸುದಾರರದ್ದು ಎಂದು ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿತ್ತು. 2015ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿ ಬಂತು. ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಗಳಾಗಿದ್ದರೆ ವಿಮೆಯ ಲಾಭ ಅವರಿಗೇ ಸಲ್ಲುತ್ತದೆ ಎಂದು ಅದರಲ್ಲಿ ಸೇರಿಸಿದರು. ಅಣ್ಣ, ತಮ್ಮ, ಗೆಳೆಯ ಈ ಪಟ್ಟಿಯಲ್ಲಿಲ್ಲ. ಹಾಗಾಗಿ ನಮ್ಮ ಉದಾಹರಣೆಯ ಅಣ್ಣನಿಗೆ ಈ ತಿದ್ದುಪಡಿಯಿಂದಲೂ ವಿಮೆಯ ಹಣದ ಮೇಲೆ ಹಕ್ಕು ಬರುವುದಿಲ್ಲ.

ತಾಯಿಯೇ ನಾಮಿನಿಯಾಗಿದ್ದರೆ? ಇಂಥದ್ದೇ ಪ್ರಕರಣ ಕರ್ನಾಟಕ ಹೈಕೋರ್ಟ್ ಮುಂದೆ ಬಂದಿತ್ತು. ಒಬ್ಬ ವ್ಯಕ್ತಿ ಮದುವೆಗೆ ಮುಂಚೆ ವಿಮೆ ಮಾಡಿಸಿ ತಾಯಿಯನ್ನು ನಾಮಿನಿ ಮಾಡಿದ್ದರು. ಮದುವೆಯಾಗಿ ಮಗು ಹುಟ್ಟಿದ ಮೇಲೂ ಹೆಸರು ಬದಲಿಸಿರಲಿಲ್ಲ. ಅವರು ತೀರಿಕೊಂಡ ಮೇಲೆ ಹಣವೆಲ್ಲ ತನ್ನದೇ ಎಂದು ತಾಯಿ, ನಮಗೂ ಪಾಲಿದೆ ಎಂದು ಹೆಂಡತಿ ಮತ್ತು ಮಗು. ಮೂವರಿಗೂ ತಲಾ ಮೂರನೇ ಒಂದು ಪಾಲು ಎಂಬ ಕೆಳಗಿನ ಕೋರ್ಟಿನ ತೀರ್ಪನ್ನು ಹೈಕೋರ್ಟ್ 2025ರಲ್ಲಿ ಎತ್ತಿಹಿಡಿಯಿತು. ವಾರಸುದಾರರು ಪಾಲು ಕೇಳಿದರೆ, 2015ರ ತಿದ್ದುಪಡಿ ಉತ್ತರಾಧಿಕಾರ ಕಾನೂನನ್ನು ಮೀರುವುದಿಲ್ಲ ಎಂಬುದು ಅದರ ಸಾರ. ಈ ವಿಷಯದಲ್ಲಿ ದೇಶದ ಎಲ್ಲ ಹೈಕೋರ್ಟ್‌ಗಳ ಅಭಿಪ್ರಾಯ ಒಂದೇ ಆಗಿಲ್ಲ. ಆದರೆ ನಮ್ಮ ರಾಜ್ಯದವರು ಈ ತೀರ್ಪನ್ನು ತಿಳಿದಿರಲೇಬೇಕು.

ಒಂದು ಫಾರಂ ಬದಲಿಸಿದ್ದರೆ ಅತ್ತೆ ಸೊಸೆ ಕೋರ್ಟಿಗೆ ಹೋಗುವುದು ತಪ್ಪುತ್ತಿತ್ತೇನೋ.

ಆ 436 ರೂಪಾಯಿ ಯಾವುದು?

ಪಾಸ್‌ಬುಕ್ಕಿನಲ್ಲಿ 436 ರೂಪಾಯಿ ಕಡಿತವಾಗಿದ್ದು ಕಂಡರೆ ಅದು ಬಹುತೇಕ ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆಯ ಪ್ರೀಮಿಯಂ, ಅಂದರೆ ವಿಮೆಗೆ ಕಟ್ಟುವ ಕಂತು. 18ರಿಂದ 50 ವರ್ಷದವರು ಸೇರಬಹುದು. ಯಾವ ಕಾರಣದಿಂದ ತೀರಿಕೊಂಡರೂ 2 ಲಕ್ಷ ರೂಪಾಯಿ ಸಿಗುತ್ತದೆ. ಆದರೆ ಹೊಸದಾಗಿ ಸೇರಿದ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ರಕ್ಷಣೆ.

20 ರೂಪಾಯಿ ಕಡಿತವಾಗಿದ್ದರೆ ಅದು ಸುರಕ್ಷಾ ಬಿಮಾ ಯೋಜನೆ ಇರಬಹುದು. 18ರಿಂದ 70 ವರ್ಷದವರಿಗೆ, ಅಪಘಾತಕ್ಕೆ ಮಾತ್ರ. ಸಾವಿಗೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ.

ಎರಡರ ವಿಮಾ ವರ್ಷವೂ ಜೂನ್ 1ರಿಂದ ಮೇ 31. ಮೇ ಕೊನೆಯಲ್ಲಿ ಖಾತೆಯಲ್ಲಿ ಹಣ ಇಲ್ಲದಿದ್ದರೆ ಕಂತು ಕಡಿತವಾಗದೆ ವಿಮೆ ನಿಂತುಹೋಗಬಹುದು. “ಬದುಕಿದ್ದರೆ ಕಟ್ಟಿದ ದುಡ್ಡು ವಾಪಸ್ ಬರುತ್ತಾ?” ಎಂದು ಕೇಳುವವರಿದ್ದಾರೆ. ಬರುವುದಿಲ್ಲ. ಇವು ಉಳಿತಾಯ ಯೋಜನೆಗಳಲ್ಲ, ಬರೀ ರಕ್ಷಣೆ. ಕಂತು ಇಷ್ಟು ಕಡಿಮೆ ಇರುವುದೂ ಅದಕ್ಕೇ.

ಸಾವಿನ ನಂತರ ವಿಮೆ ಹಣ ತಾನಾಗಿ ಬರುವುದಿಲ್ಲ. ಮರಣ ಪ್ರಮಾಣಪತ್ರದೊಂದಿಗೆ ಅರ್ಜಿ ಕೊಡಬೇಕು. ಇದಕ್ಕೇ ಕ್ಲೇಮ್ ಎನ್ನುವುದು. ಮನೆಯವರಿಗೆ ವಿಮೆ ಇದ್ದದ್ದೇ ಗೊತ್ತಿಲ್ಲದಿದ್ದರೆ ಕ್ಲೇಮ್ ಮಾಡುವವರು ಯಾರು?

ಹೊಲಕ್ಕೆ ನಾಮಿನಿ ಇಲ್ಲ

ಜಮೀನಿಗೆ ನಾಮಿನಿ ಪದ್ಧತಿ ಇಲ್ಲ. ಪಹಣಿಯಲ್ಲಿ ಹೆಸರಿರುವವರು ತೀರಿಕೊಂಡರೆ ವಾರಸುದಾರರ ಹೆಸರಿಗೆ ಬದಲಿಸುವುದೇ ಪೌತಿ ಖಾತೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟುಕೊಂಡು ನಾಡಕಚೇರಿಯಲ್ಲಿ ವಿಚಾರಿಸಿ. ಮನೆಯ ಒಬ್ಬರ ಹೆಸರಿಗೆ ಮಾತ್ರ ಖಾತೆ ಆದರೆ ಉಳಿದವರ ಪಾಲು ಹೋಗುವುದಿಲ್ಲ. ಖಾತೆ ಕಂದಾಯದ ದಾಖಲೆಯೇ ಹೊರತು ಒಡೆತನದ ತೀರ್ಪಲ್ಲ. ಪಿತ್ರಾರ್ಜಿತ ಜಮೀನಾದರೆ ಪಾಲಿನ ಲೆಕ್ಕ ಬೇರೆ, ವಕೀಲರನ್ನು ಕೇಳುವುದು ಒಳ್ಳೆಯದು.

ಉಯಿಲಿಗೆ ಛಾಪಾ ಕಾಗದ ಬೇಕೇ?

ಬೇಕಿಲ್ಲ. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ. ಬರೆಸಿದವರ ಸಹಿ ಅಥವಾ ಹೆಬ್ಬೆಟ್ಟು, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ನೋಂದಣಿ ಕಡ್ಡಾಯವಲ್ಲ, ಆದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಪಾಲು ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದೇ ಊರ್ಜಿತ.

ಹಾಗಾದರೆ ನಾಮಿನಿ ಬೇಡವೇ?

ಖಂಡಿತ ಬೇಕು. ನಾಮಿನಿ ಇದ್ದರೆ ಬ್ಯಾಂಕು ಸಾಮಾನ್ಯವಾಗಿ ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರ ಕೇಳುವುದಿಲ್ಲ, ಹಣ ಬೇಗ ಕೈಸೇರುತ್ತದೆ. ನಾಮಿನಿ ಇಲ್ಲದಿದ್ದರೂ ಹಣ ಮುಳುಗುವುದಿಲ್ಲ, ಓಡಾಟ ಮಾತ್ರ ಹೆಚ್ಚು. 10 ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಗಲೂ ವಾರಸುದಾರರು ಅದನ್ನು ಕೇಳಿ ಪಡೆಯಬಹುದು. ಅಂಥ ಹಣ ಹುಡುಕಲು ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಜಾಲತಾಣವಿದೆ.

2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಯಾರಿಗೆ ಶೇಕಡಾ ಎಷ್ಟು ಎಂದೂ ಬರೆಯಬಹುದು.

ಈ ವಾರ ಮಾಡಬಹುದಾದದ್ದು

• ಪಾಸ್‌ಬುಕ್, ಎಫ್‌ಡಿ ಬಾಂಡ್, ವಿಮಾ ಪಾಲಿಸಿ ತೆಗೆದು ನಾಮಿನಿ ಯಾರೆಂದು ನೋಡಿ.
• ಮದುವೆ, ಮಗುವಿನ ಜನನ, ನಾಮಿನಿಯ ಸಾವು ಆದಾಗಲೆಲ್ಲ ಹೆಸರು ಬದಲಿಸಿ. ಅದಕ್ಕೆ ಸ್ವೀಕೃತಿ ಪಡೆದುಕೊಳ್ಳಿ.
• ಯಾವ ಬ್ಯಾಂಕು, ಯಾವ ವಿಮೆ, ಯಾವ ಸಾಲ ಎಂದು ಒಂದು ಹಾಳೆಯಲ್ಲಿ ಬರೆದು ಮನೆಯವರಿಗೆ ತೋರಿಸಿ. ಪಿನ್, ಒಟಿಪಿ ಬರೆಯಬೇಡಿ.
• “ವಿಮೆ ಹಣ ಬಿಡುಗಡೆಗೆ ಮೊದಲು ಶುಲ್ಕ ಕಟ್ಟಿ” ಎಂದು ಫೋನ್ ಬಂದರೆ ಕಟ್ಟಬೇಡಿ. ಬ್ಯಾಂಕಿಗೆ ಹೋಗಿ ವಿಚಾರಿಸಿ.

ನಮ್ಮ ತೀರ್ಮಾನ: “ನಾಮಿನಿಗೇ ಎಲ್ಲ ಹಣ” ಎಂಬ ಸಂದೇಶ ದಾರಿ ತಪ್ಪಿಸುವಂಥದ್ದು. ನಾಮಿನಿ ಹಣ ಪಡೆಯುವವರು, ಹಣದ ಒಡೆಯರು ವಾರಸುದಾರರು ಅಥವಾ ಉಯಿಲಿನಲ್ಲಿ ಹೆಸರಿರುವವರು. ಆ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸುವ ಬದಲು ಮೊದಲು ನಿಮ್ಮ ಮನೆಯ ಪಾಸ್‌ಬುಕ್ ತೆಗೆದು ನೋಡಿ.