ಡಕಾಯಿತ–ದೆವ್ವದ ಚಿತ್ರಗಳು

ಡಕಾಯಿತ–ದೆವ್ವದ ಚಿತ್ರಗಳೆಂದರೆ ಕುದುರೆ, ಬಂದೂಕು, ಲೂಟಿ, ಹಗೆಗಳ ಕಥೆಯನ್ನೂ ಪಿಶಾಚಿ, ಶಾಪ, ಗೋರಿಗಳ ಕಥೆಯನ್ನೂ ಬೆಸೆದು ಸಣ್ಣ ಬಂಡವಾಳದಲ್ಲಿ ತೆಗೆದ ಸಿನಿಮಾಗಳು. ಅಮೆರಿಕ ಮತ್ತು ಇಟಲಿಯಲ್ಲಿ ಇವು ಕೌಬಾಯ್ ಚಿತ್ರಗಳ ಒಂದು ಕವಲಾಗಿ ಬೆಳೆದವು. ಭಾರತದಲ್ಲಿ ಇವುಗಳ ನೆಲೆ ಮುಂಬಯಿ. ಅಲ್ಲಿ ಕೌಬಾಯ್‌ನ ಜಾಗಕ್ಕೆ ಚಂಬಲ್ ಕಣಿವೆಯ ಡಕಾಯಿತ ಬಂದ, ಪಾಳುಬಿದ್ದ ಗಣಿಪಟ್ಟಣದ ಜಾಗಕ್ಕೆ ಠಾಕೂರರ ಹವೇಲಿ ಬಂತು.

ಎರಡು ಬಗೆಯ ಕಥೆಗಳು ಇಷ್ಟು ಸಲೀಸಾಗಿ ಹೊಂದಿಕೊಳ್ಳಲು ಕಾರಣವಿದೆ. ಪೊಲೀಸು, ಕೋರ್ಟು ತಲುಪದ ಊರಿನಲ್ಲೇ ಎರಡೂ ನಡೆಯುತ್ತವೆ. ಹಿಂದೆಂದೋ ನಡೆದ ಅನ್ಯಾಯವೊಂದು ಮುಂದಿನ ತಲೆಮಾರಿನ ಬಾಗಿಲು ತಟ್ಟುವುದೇ ಎರಡರ ತಿರುಳು. ಹಗೆ ಹೊತ್ತು ಕುದುರೆಯ ಮೇಲೆ ಬರುವವನಿಗೂ ಗೋರಿಯಿಂದ ಎದ್ದು ಬರುವವನಿಗೂ ಕಥೆಯೊಳಗಿನ ಕೆಲಸ ಒಂದೇ. ಖರ್ಚಿನ ಲೆಕ್ಕವೂ ಅಷ್ಟೇ ಮುಖ್ಯ. ಬಯಲು, ಬಂಡೆ, ಹಾಳು ಕೋಟೆ, ಹಳೆಯ ಗುಡಿ ಇವಿಷ್ಟು ಸಿಕ್ಕರೆ ಎರಡಕ್ಕೂ ಸಾಕು, ಸೆಟ್ ಹಾಕುವ ಅಗತ್ಯವಿಲ್ಲ.

ಈ ಬೆರಕೆಯ ಸ್ಪಷ್ಟ ರೂಪ ಮೊದಲು ಕಾಣುವುದು ಯೂನಿವರ್ಸಲ್ ಸಂಸ್ಥೆಯ ‘ಕರ್ಸ್ ಆಫ್ ದಿ ಅನ್‌ಡೆಡ್’ (1959) ಚಿತ್ರದಲ್ಲಿ. ಎಡ್ವರ್ಡ್ ಡೀನ್ ನಿರ್ದೇಶಿಸಿದ ಇದರಲ್ಲಿ ಬಾಡಿಗೆ ಬಂದೂಕುಗಾರನೇ ರಕ್ತಪಿಶಾಚಿ. ಎದುರಾಳಿಯ ಗುಂಡು ತಗುಲಿದರೂ ಅವನಿಗೆ ಏನೂ ಆಗುವುದಿಲ್ಲ, ಆದ್ದರಿಂದ ದ್ವಂದ್ವಯುದ್ಧದಲ್ಲಿ ಅವನಿಗೆ ಅವಸರವೇ ಇಲ್ಲ. ಊರಿನ ಪಾದ್ರಿ ಗುಂಡಿನ ತುದಿಗೆ ಪುಟ್ಟ ಶಿಲುಬೆ ಕೂರಿಸಿ ಅವನನ್ನು ಮುಗಿಸುತ್ತಾನೆ. ಕೌಬಾಯ್ ಚಿತ್ರದ ಆಯುಧಕ್ಕೆ ದೆವ್ವದ ಚಿತ್ರದ ನಿಯಮ ತೊಡಿಸಿದ ಈ ಒಂದು ಉಪಾಯ ಮುಂದಿನ ಎಷ್ಟೋ ಚಿತ್ರಗಳಿಗೆ ದಾರಿ ತೋರಿಸಿತು. 1966ರಲ್ಲಿ ವಿಲಿಯಂ ಬೋಡಿನ್ ನಿರ್ದೇಶನದ ‘ಬಿಲ್ಲಿ ದಿ ಕಿಡ್ ವರ್ಸಸ್ ಡ್ರಾಕುಲಾ’ ಮತ್ತು ‘ಜೆಸ್ಸಿ ಜೇಮ್ಸ್ ಮೀಟ್ಸ್ ಫ್ರಾಂಕೆನ್‌ಸ್ಟೈನ್ಸ್ ಡಾಟರ್’ ಒಂದೇ ಟಿಕೆಟ್ಟಿಗೆ ಎರಡು ಚಿತ್ರಗಳೆಂದು ಜೋಡಿಯಾಗಿ ತೆರೆಕಂಡವು. ಮೊದಲನೆಯದರಲ್ಲಿ ಜಾನ್ ಕ್ಯಾರಡೀನ್ ಡ್ರಾಕುಲಾ. ಗುಂಡುಗಳೆಲ್ಲ ವ್ಯರ್ಥವಾದ ಮೇಲೆ ಬಿಲ್ಲಿ ಖಾಲಿ ರಿವಾಲ್ವರನ್ನೇ ಅವನ ಮುಖಕ್ಕೆ ಎಸೆದು ಕೆಡವುತ್ತಾನೆ. ಮಾಡಿದವರು ಇದನ್ನು ಪೂರ್ತಿ ಗಂಭೀರವಾಗಿಯೇ ಮಾಡಿದ್ದಾರೆ. ಇಂಥ ಚಿತ್ರಗಳು ಇಂದಿಗೂ ಹಿಡಿಸುವುದು ಆ ಪ್ರಾಮಾಣಿಕತೆಯಿಂದ.

ಇಟಲಿಯ ಕೊಡುಗೆ ಬೇರೆ ತರದ್ದು. ಸರ್ಜಿಯೋ ಲಿಯೋನೆಯ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ (1964) ಬಂದ ಮೇಲೆ ಅಲ್ಲಿ ಅಗ್ಗದ ಕೌಬಾಯ್ ಚಿತ್ರಗಳ ಸುರಿಮಳೆಯೇ ಆಯಿತು. ಅದೇ ಹೊತ್ತಿಗೆ ಭೂತಬಂಗಲೆಯ ಚಿತ್ರಗಳನ್ನೂ ತೆಗೆಯುತ್ತಿದ್ದ ಆಂಟೋನಿಯೋ ಮಾರ್ಗರೀಟಿಯಂಥವರು ಎರಡೂ ಕಡೆಯ ಕೈಚಳಕವನ್ನು ಒಟ್ಟಿಗೆ ತಂದರು. ಕ್ಲೌಸ್ ಕಿನ್‌ಸ್ಕಿ ನಟಿಸಿದ ಅವರ ‘ಆ್ಯಂಡ್ ಗಾಡ್ ಸೆಡ್ ಟು ಕೇನ್’ (1970) ಚಿತ್ರದ ಹೆಚ್ಚಿನ ಭಾಗ ಬಿರುಗಾಳಿಯ ಒಂದೇ ರಾತ್ರಿಯಲ್ಲಿ ನಡೆಯುತ್ತದೆ. ಅದರಲ್ಲಿ ದೆವ್ವವಿಲ್ಲ, ಆದರೆ ಸೇಡಿಗೆ ಬಂದ ಮನುಷ್ಯ ದೆವ್ವದ ಹಾಗೆಯೇ ಕಾಣಿಸಿಕೊಂಡು ಮಾಯವಾಗುತ್ತಾನೆ.

ಮುಂಬಯಿಯಲ್ಲಿ ಈ ಎರಡು ಹೊಳೆಗಳು ಬಹುಕಾಲ ಬೇರೆಬೇರೆಯಾಗಿ ಹರಿದವು. ದೆವ್ವದ ಕಡೆಯದು ಪಶ್ಚಿಮ ಉಪನಗರದಲ್ಲೇ ಶುರುವಾಯಿತು. ಅಲ್ಲಿನ ಮಲಾಡಿನಲ್ಲಿ 1934ರಲ್ಲಿ ಹುಟ್ಟಿದ ಬಾಂಬೆ ಟಾಕೀಸ್, ಕಮಾಲ್ ಅಮ್ರೋಹಿ ನಿರ್ದೇಶನದ ‘ಮಹಲ್’ (1949) ಚಿತ್ರವನ್ನು ತಯಾರಿಸಿತು. ಪುನರ್ಜನ್ಮ, ಹಾಳು ಬಂಗಲೆ, ಉಯ್ಯಾಲೆ, ದೂರದಿಂದ ಕೇಳುವ ಹೆಣ್ಣುದನಿ ಇವೆಲ್ಲ ಹಿಂದಿ ಚಿತ್ರಗಳಲ್ಲಿ ಬೇರೂರಿದ್ದು ಅಲ್ಲಿಂದ. ಡಕಾಯಿತರ ಕಡೆಯಲ್ಲಿ ‘ಗಂಗಾ ಜಮುನಾ’ (1961), ‘ಮುಝೆ ಜೀನೇ ದೋ’ (1963) ಚಿತ್ರಗಳು ದಾರಿ ತಪ್ಪಿದ ಬಡವನ ದುಃಖ ಹೇಳಿದವು. ರಾಜ್ ಖೋಸ್ಲಾರ ‘ಮೇರಾ ಗಾಂವ್ ಮೇರಾ ದೇಶ್’ (1971), ನರೇಂದ್ರ ಬೇಡಿಯವರ ‘ಖೋಟೇ ಸಿಕ್ಕೇ’ (1974) ಬರುವಷ್ಟರಲ್ಲಿ ಆ ದುಃಖದ ಜಾಗದಲ್ಲಿ ಇಟಲಿಯ ಕೌಬಾಯ್ ಚಿತ್ರಗಳ ಧೂಳು, ಮೌನ, ಸೇಡು ತುಂಬಿಕೊಂಡಿದ್ದವು. ತೆಲುಗಿನಲ್ಲಿ ‘ಮೋಸಗಾಳ್ಳಕು ಮೋಸಗಾಡು’ (1971) ಎಂಬ ನೇರ ಕೌಬಾಯ್ ಚಿತ್ರ ತೆಗೆದ ಕೆ.ಎಸ್.ಆರ್. ದಾಸ್ ಮುಂದೆ ‘ಸಹೋದರರ ಸವಾಲ್’ (1977) ಮೊದಲಾದ ಕನ್ನಡ ಚಿತ್ರಗಳನ್ನೂ ನಿರ್ದೇಶಿಸಿದರು.

1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ ಈ ಪರಂಪರೆಯ ಶಿಖರ. ಅದರ ಕಥೆಯ ಹಳ್ಳಿ ರಾಮಗಢ ಎದ್ದು ನಿಂತದ್ದು ಬೆಂಗಳೂರು–ಮೈಸೂರು ದಾರಿಯ ರಾಮನಗರದ ಬಂಡೆಗಳ ನಡುವೆ. ಚಿತ್ರೀಕರಣದ ತಂಡ ಬೀಡುಬಿಟ್ಟಿದ್ದ ಜಾಗಕ್ಕೆ ನಿರ್ಮಾಪಕರ ಮನೆತನದ ಹೆಸರಿನಿಂದ ಸಿಪ್ಪಿ ನಗರ ಎಂಬ ಹೆಸರೂ ಬಂತು. ಕೋಟಿಗಟ್ಟಲೆ ಸುರಿದು ತೆಗೆದ ಈ ಚಿತ್ರವನ್ನು ಸಣ್ಣ ನಿರ್ಮಾಪಕರು ಅನುಕರಿಸುವ ಹಾಗಿರಲಿಲ್ಲ. ಆದರೆ ಡಕಾಯಿತ ಗಬ್ಬರ್, ಕೈ ಕಳೆದುಕೊಂಡ ಠಾಕೂರ್, ನಡುಗುವ ಹಳ್ಳಿಗರು ಎಲ್ಲ ಪ್ರೇಕ್ಷಕರಿಗೂ ಬಾಯಿಪಾಠವಾಗಿದ್ದುದರಿಂದ ಒಂದೆರಡು ಗುರುತು ತೋರಿಸಿದರೆ ಸಾಕು, ಇಡೀ ಲೋಕವೇ ನೆನಪಿಗೆ ಬರುತ್ತಿತ್ತು. ಸಣ್ಣ ಬಂಡವಾಳದ ಚಿತ್ರಗಳಿಗೆ ‘ಶೋಲೆ’ ಬಿಟ್ಟುಹೋದ ನಿಜವಾದ ಆಸ್ತಿ ಇದೇ.

ಆ ಆಸ್ತಿಯನ್ನು ದೆವ್ವದ ಮನೆಗೆ ತಂದವರು ರಾಮ್ಸೆ ಸಹೋದರರು. ತಂದೆ ಎಫ್.ಯು. ರಾಮ್ಸೆ ದೇಶವಿಭಜನೆಯ ಹೊತ್ತಿಗೆ ಕರಾಚಿಯ ಕಡೆಯಿಂದ ಮುಂಬಯಿಗೆ ಬಂದ ರೇಡಿಯೋ ವ್ಯಾಪಾರಿ. ಅವರು ನಿರ್ಮಿಸಿದ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ (1970) ಸೋತಿತು. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ವಿಕಾರ ಮುಖವಾಡ ಧರಿಸಿ ಕಳ್ಳತನಕ್ಕೆ ಬರುವ ದೃಶ್ಯಕ್ಕೆ ಜನ ಬೆಚ್ಚುತ್ತಿದ್ದುದನ್ನು ಮಕ್ಕಳು ಥಿಯೇಟರಿನಲ್ಲಿ ಕಂಡಿದ್ದರು. ಹಾಗೆ ಹುಟ್ಟಿದ್ದು ‘ದೋ ಗಜ್ ಜಮೀನ್ ಕೇ ನೀಚೇ’ (1972). ಮಹಾಬಳೇಶ್ವರದ ಅತಿಥಿಗೃಹವೊಂದರಲ್ಲಿ ಉಳಿದುಕೊಂಡು ಸುಮಾರು 40 ದಿನಗಳಲ್ಲಿ, ಮೂರೂವರೆ ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಮುಗಿಸಿದ ಚಿತ್ರವದು. ಏಳು ಅಣ್ಣತಮ್ಮಂದಿರು ಕೆಲಸ ಹಂಚಿಕೊಂಡರು: ಬರವಣಿಗೆ ಕುಮಾರ್, ಕ್ಯಾಮೆರಾ ಗಂಗು, ಧ್ವನಿ ಕಿರಣ್, ನಿರ್ದೇಶನ ತುಳಸಿ ಮತ್ತು ಶ್ಯಾಮ್, ಹೀಗೆ. ಹೊರಾಂಗಣಕ್ಕೆ ಹೋದಾಗ ತಂಡಕ್ಕೆ ಅಡುಗೆಯೂ ಮನೆಯವರದೇ. ಸಂಬಳದ ಖರ್ಚೇ ಇಲ್ಲದಂಥ ಈ ಏರ್ಪಾಡು ಬೇರೆ ಯಾರಿಗೂ ಸಾಧ್ಯವಿರಲಿಲ್ಲ.

ತುಳಸಿ ಮತ್ತು ಶ್ಯಾಮ್ ನಿರ್ದೇಶಿಸಿದ ‘ಪುರಾನಾ ಮಂದಿರ್’ (1984) ಮುಂಬಯಿಯ ಡಕಾಯಿತ–ದೆವ್ವದ ಚಿತ್ರಗಳಲ್ಲಿ ಪ್ರಾತಿನಿಧಿಕವಾದುದು. ಕಥೆ ಆರಂಭವಾಗುವುದು ಇನ್ನೂರು ವರ್ಷಗಳ ಹಿಂದಿನ ‘ಬಿಜಾಪುರ’ದಲ್ಲಿ. ಚರಿತ್ರೆಯ ಬಿಜಾಪುರದಲ್ಲಿ ಆದಿಲಶಾಹಿ ಆಳ್ವಿಕೆ 1686ರಲ್ಲೇ ಕೊನೆಗೊಂಡಿತ್ತು. ಚಿತ್ರಕ್ಕೆ ಬೇಕಾಗಿದ್ದುದು ಆ ಹೆಸರಿಗಿರುವ ಹಳಮೆ ಮಾತ್ರ. ಹೆಣಗಳನ್ನು ಅಗೆದು ತಿನ್ನುವ, ಹೆಂಗಸರನ್ನೂ ಮಕ್ಕಳನ್ನೂ ಬಲಿ ತೆಗೆದುಕೊಳ್ಳುವ ಸಾಮ್ರಿ ಎಂಬ ಮಾಂತ್ರಿಕನನ್ನು ರಾಜ ಹರಿಮಾನ್ ಸಿಂಗ್ ಹಿಡಿದು ತಲೆ ಕಡಿಸುತ್ತಾನೆ. ಮುಂಡವನ್ನು ಗುಡಿಯ ಹಿಂದೆ ಹೂಳುತ್ತಾರೆ, ತಲೆಯನ್ನು ಪೆಟ್ಟಿಗೆಯಲ್ಲಿಟ್ಟು ಹವೇಲಿಯಲ್ಲಿ ಬಂಧಿಸುತ್ತಾರೆ. ರಾಜನ ವಂಶದ ಹೆಣ್ಣುಗಳು ಹೆರಿಗೆಯಲ್ಲೇ ಸಾಯಲಿ ಎಂಬ ಶಾಪ ತಲೆಮಾರುಗಳನ್ನು ದಾಟಿ ಪ್ರದೀಪ್ ಕುಮಾರ್ ಪಾತ್ರವಾದ ಠಾಕೂರನ ಮಗಳವರೆಗೆ ಬರುತ್ತದೆ. ತಲೆ ಮುಂಡ ಕೂಡಿದ ದಿನ ಸಾಮ್ರಿ ಮತ್ತೆ ಏಳುತ್ತಾನೆ.

ಈ ಕಥೆಯ ನಡುವೆ ಜಗದೀಪ್ ಮಚ್ಛರ್ ಸಿಂಗ್ ಎಂಬ ಡಕಾಯಿತನಾಗಿ ಬಂದು ‘ಶೋಲೆ’ಯ ಅಣಕವನ್ನು ಆಡುತ್ತಾರೆ. ‘ಶೋಲೆ’ಯಲ್ಲಿ ಸೂರ್ಮಾ ಭೋಪಾಲಿಯಾಗಿದ್ದವರೂ ಇವರೇ. ಈ ಭಾಗವನ್ನು ಬರಿಯ ಹಾಸ್ಯದ ತುರುಕು ಎಂದು ವಿಮರ್ಶಕರು ತಳ್ಳಿಹಾಕುವುದುಂಟು. ಚಿತ್ರವನ್ನು ಗಮನವಿಟ್ಟು ನೋಡಿದರೆ ಹಾಗೆನಿಸುವುದಿಲ್ಲ. ಸಾಮ್ರಿಯೂ ಮೂಲತಃ ಊರನ್ನು ಕಾಡುವ ಡಕಾಯಿತನೇ. ಠಾಕೂರನ ಮನೆತನದ ಮೇಲೆ ಹಗೆ, ಬೆದರಿದ ಹಳ್ಳಿ, ಪಟ್ಟಣದಿಂದ ಬಂದ ಇಬ್ಬರು ಗೆಳೆಯರು, ಈ ಹಂದರವೆಲ್ಲ ‘ಶೋಲೆ’ಯ ನೆರಳಿನದು. ಹೆದರಿಸುವ ಡಕಾಯಿತ ದೆವ್ವವಾದ, ಮಿಕ್ಕ ಡಕಾಯಿತ ನಗೆಪಾಟಲಾದ.

ಸಾಮ್ರಿಯ ಪಾತ್ರ ಮಾಡಿದ ಅಜಯ್ ಅಗರ್ವಾಲ್ ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿದವರು. ಅವರ ಎತ್ತರ ಮತ್ತು ಉದ್ದ ಮುಖವೇ ಅರ್ಧ ಮೇಕಪ್ಪಿನ ಕೆಲಸ ಮಾಡಿತು. ಹತ್ತು ವರ್ಷಗಳ ನಂತರ ಶೇಖರ್ ಕಪೂರರ ‘ಬ್ಯಾಂಡಿಟ್ ಕ್ವೀನ್’ (1994) ಚಿತ್ರದಲ್ಲಿ ಚಂಬಲ್‌ನ ಡಕಾಯಿತ ಬಾಬು ಗುಜ್ಜರ್‌ನಾಗಿ ನಟಿಸಿದ್ದೂ ಅವರೇ. ಪ್ರೇಕ್ಷಕರ ಕಣ್ಣಿಗೆ ಡಕಾಯಿತನೂ ದೆವ್ವವೂ ಎಷ್ಟು ಹತ್ತಿರದ ನೆಂಟರೆಂಬುದನ್ನು ಈ ಒಬ್ಬ ನಟನ ಮುಖವೇ ಹೇಳುತ್ತದೆ.

ತಯಾರಿಕೆಯ ರೀತಿಯಲ್ಲೂ ಇವುಗಳ ಸೊಗಸಿದೆ. ಕೊಂಕಣ ತೀರದ ಮುರುಡದಲ್ಲಿರುವ ಜಂಜೀರಾ ನವಾಬರ ಅರಮನೆ ರಾಮ್ಸೆ ತಂಡಕ್ಕೆ ಸಿದ್ಧ ಹವೇಲಿಯಾಗಿತ್ತು. ಕೆಂಪು, ನೀಲಿ, ಹಸಿರು ಜೆಲಟಿನ್ ಹಾಳೆ ಕಟ್ಟಿದ ದೀಪಗಳು, ಹೊಗೆಯಂತ್ರ, ಕೀರಲು ಬಾಗಿಲು ಇವಿಷ್ಟರಿಂದ ಒಂದು ಕೋಣೆ ನಾಲ್ಕು ಕೋಣೆಗಳಾಗುತ್ತಿತ್ತು. ರಾತ್ರಿ ಹೊರಾಂಗಣವನ್ನು ಬೆಳಗಲು ಜನರೇಟರ್ ಬೇಕು, ಅದು ದುಬಾರಿ. ಹಣ ತೀರ ಕಡಿಮೆಯಿದ್ದ ತಂಡಗಳು ಹಗಲಲ್ಲೇ ಕ್ಯಾಮೆರಾದ ಕಿಂಡಿ ಕಿರಿದು ಮಾಡಿ, ನೀಲಿ ಫಿಲ್ಟರ್ ಹಾಕಿ ಬೆಳದಿಂಗಳು ಬರಿಸುತ್ತಿದ್ದವು. ಕುದುರೆಯ ಓಟಕ್ಕೆ ಹಗಲು ಬೇಕೇ ಬೇಕು, ದೆವ್ವಕ್ಕೆ ಇರುಳು ಬೇಕು. ಒಂದೇ ಮಧ್ಯಾಹ್ನದಲ್ಲಿ ಎರಡೂ ಆಗುತ್ತಿದ್ದುದು ಹೀಗೆ.

ಗೋರೆಗಾಂವ್‌ನಿಂದ ಮಲಾಡ್, ಕಾಂದಿವಲಿ ದಾಟಿ ಬೊರಿವಲಿಯವರೆಗಿನ ಉಪನಗರದ ಪಟ್ಟಿ ಈ ಬಗೆಯ ಚಿತ್ರೀಕರಣಕ್ಕೆ ಹೇಳಿ ಮಾಡಿಸಿದ್ದು. 1977ರಲ್ಲಿ ಗೋರೆಗಾಂವ್‌ನಲ್ಲಿ ಚಿತ್ರನಗರಿ ಸ್ಥಾಪನೆಯಾಯಿತು. ಪೂರ್ವಕ್ಕೆ ಬೊರಿವಲಿಯ ರಾಷ್ಟ್ರೀಯ ಉದ್ಯಾನದ ಕಾಡು, ನಡುವೆ ಕಲ್ಲುಗಣಿಗಳ ಬೋಳು ಗುಡ್ಡ, ಪಶ್ಚಿಮಕ್ಕೆ ಮಢ್ ದ್ವೀಪದ ಹಳೆಯ ಬಂಗಲೆ ಮತ್ತು ಕಡಲು. ಚಂಬಲ್‌ವರೆಗೆ ತಂಡ ಸಾಗಿಸಲಾಗದ ನಿರ್ಮಾಪಕನಿಗೆ ಲೋಕಲ್ ರೈಲಿನ ದೂರದಲ್ಲೇ ಕಣಿವೆಯೂ ಹವೇಲಿಯೂ ಸಿಗುತ್ತಿದ್ದವು.

‘ಪುರಾನಾ ಮಂದಿರ್’ ದೊಡ್ಡ ಗಳಿಕೆ ಮಾಡಿದ್ದರಿಂದ ಹಲವರು ಹಿಂಬಾಲಿಸಿದರು. ರಾಮ್ಸೆಗಳೇ ‘ವೀರಾನಾ’ (1988), ‘ಬಂದ್ ದರ್ವಾಜಾ’ (1990) ತೆಗೆದರು. ಮೋಹನ್ ಭಾಕ್ರಿ, ವಿನೋದ್ ತಲ್ವಾರ್ ಇನ್ನೂ ಸಣ್ಣ ಬಂಡವಾಳದಲ್ಲಿ ಕೈಯಾಡಿಸಿದರು. ‘ಗುಂಡಾ’ (1998) ಚಿತ್ರದಿಂದ ಹೆಸರಾದ ಕಾಂತಿ ಶಾ ಡಕಾಯಿತ ರಾಣಿಯರ ಕಥೆಗಳನ್ನೂ ದೆವ್ವದ ಕಥೆಗಳನ್ನೂ ಒಂದರ ಬೆನ್ನಿಗೊಂದು ಹೊರತಂದರು. ಇವು ಓಡುತ್ತಿದ್ದುದು ಹೆಚ್ಚಾಗಿ ಸಣ್ಣ ಊರಿನ ಟಾಕೀಸುಗಳಲ್ಲಿ ಮತ್ತು ಬೆಳಗಿನ ಆಟಗಳಲ್ಲಿ. 1993ರಲ್ಲಿ ‘ಝೀ ಹಾರರ್ ಶೋ’ ಮೂಲಕ ರಾಮ್ಸೆಗಳು ಕಿರುತೆರೆಗೆ ಹೋದರು. ಹೆದರಿಕೆ ಮನೆಗೇ ಬಂದ ಮೇಲೆ, ಒಂಟಿತೆರೆಯ ಚಿತ್ರಮಂದಿರಗಳು ಮಲ್ಟಿಪ್ಲೆಕ್ಸ್‌ಗಳಿಗೆ ಜಾಗ ಬಿಟ್ಟುಕೊಟ್ಟ ಮೇಲೆ, ಈ ಚಿತ್ರಗಳಿಗೆ ಮಾರುಕಟ್ಟೆಯೇ ಉಳಿಯಲಿಲ್ಲ.

ಅಮೆರಿಕದಲ್ಲಿ ಇದೇ ಬೆರಕೆ ಎಸ್. ಕ್ರೇಗ್ ಝಾಹ್ಲರ್‌ನ ‘ಬೋನ್ ಟೊಮಾಹಾಕ್’ (2015) ಚಿತ್ರದಲ್ಲಿ ಕಡಿಮೆ ಖರ್ಚಿನಲ್ಲೇ ಹೊಸ ಬಲ ಪಡೆಯಿತು. ಹಿಂದಿಯಲ್ಲಿ ಅಭಿಷೇಕ್ ಚೌಬೆಯವರ ‘ಸೋನ್‌ಚಿಡಿಯಾ’ (2019) ದೊಡ್ಡ ತಾರೆಯರ ಚಿತ್ರವಾದರೂ ಈ ಸಾಲಿಗೇ ಸೇರಿದ್ದು. ಅದರ ಡಕಾಯಿತರನ್ನು ತಾವು ಹಿಂದೆ ಕೊಂದ ಮಗುವೊಂದರ ರೂಪ ಕಣಿವೆಯುದ್ದಕ್ಕೂ ಕಾಡುತ್ತದೆ; ಅವರನ್ನು ಬೆನ್ನಟ್ಟುವ ಪೊಲೀಸರಿಗಿಂತ ಅವರು ಹೆದರುವುದು ಆ ಮಗುವಿಗೆ.