ಕಾಡ್ಗಿಚ್ಚಿನ ನಂತರದ ಸಮುದಾಯ ಮಾನಸಿಕ ನೆರವು

ಕಾಡ್ಗಿಚ್ಚು ಊರನ್ನು ಸುಟ್ಟುಹಾಕಿದ ಮೇಲೆ ಬದುಕುಳಿದವರ ಮನಸ್ಸಿಗೆ ಬೇಕಾದ ಆಸರೆಯನ್ನು ಆಸ್ಪತ್ರೆಯಲ್ಲಿ ಮಾತ್ರವಲ್ಲದೆ ನೆರೆಹೊರೆ, ಶಾಲೆ, ಸಂಘ, ಪರಿಹಾರ ಕೇಂದ್ರ, ಮನೆಬಾಗಿಲುಗಳಲ್ಲಿ ಒದಗಿಸುವ ವ್ಯವಸ್ಥೆಯನ್ನು ಸಮುದಾಯ ಮಾನಸಿಕ ನೆರವು ಎನ್ನುತ್ತಾರೆ. ಇಂಥ ನೆರವು ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ತಟ್ಟನೆ ಬರುವ ಉತ್ತರ ‘ಮನೋವೈದ್ಯರ ಬಳಿ’ ಎಂದು. ಆ ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಕಳೆದ ಎರಡು ದಶಕಗಳಲ್ಲಿ ಆಸ್ಟ್ರೇಲಿಯಾ ಮತ್ತು ಉತ್ತರ ಅಮೆರಿಕದ ದೊಡ್ಡ ಬೆಂಕಿಗಳ ಹಿನ್ನೆಲೆಯಲ್ಲಿ ಕೂಡಿಬಂದ ಪುರಾವೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಚಿತ್ರ ಮೂಡುತ್ತದೆ. ಹೆಚ್ಚಿನವರು ಚೇತರಿಸಿಕೊಳ್ಳುವುದು ಬೆಂಕಿಯಲ್ಲಿ ಸುಡದೆ ಉಳಿದ ನಂಟುಗಳ ಬಲದಿಂದ. ವೈದ್ಯರ ಚಿಕಿತ್ಸೆ ನಿಜಕ್ಕೂ ಬೇಕಾದ ಕೆಲವರು ಸಹ ಬಹುಪಾಲು ಆ ನಂಟುಗಳ ಕೈಹಿಡಿದೇ ವೈದ್ಯರವರೆಗೆ ಹೋಗುತ್ತಾರೆ. ಹೀಗಿರುವಾಗ ನಂಟುಗಳನ್ನು ಕಾಪಾಡುವ ಕೆಲಸವನ್ನು ಚಿಕಿತ್ಸೆಗೆ ಪೂರಕ ಎಂದು ಪಕ್ಕಕ್ಕೆ ಇಡುವಂತಿಲ್ಲ. ಅದು ಚಿಕಿತ್ಸೆಯ ಮೊದಲ ಮಜಲು.

ಈ ವಿಷಯದಲ್ಲಿ ಅತಿ ಹೆಚ್ಚು ಅಧ್ಯಯನವಾಗಿರುವ ಘಟನೆಗಳಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ‘ಬ್ಲ್ಯಾಕ್ ಸ್ಯಾಟರ್‌ಡೇ’ ಒಂದು. 2009ರ ಫೆಬ್ರುವರಿ 7ರಂದು ಮೆಲ್ಬರ್ನ್‌ನಲ್ಲಿ ಉಷ್ಣಾಂಶ 46.4 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಬಿರುಗಾಳಿಗೆ ಸಿಕ್ಕ ಬೆಂಕಿ ಕಿಂಗ್‌ಲೇಕ್, ಮೇರಿಸ್‌ವಿಲ್, ಸ್ಟ್ರಾಥ್ಯೂವೆನ್ ಮೊದಲಾದ ಊರುಗಳನ್ನು ಗಂಟೆಗಳೊಳಗೆ ನುಂಗಿತು. 173 ಜನ ಸತ್ತರು, 2,000ಕ್ಕೂ ಹೆಚ್ಚು ಮನೆಗಳು ಸುಟ್ಟವು. ಮೆಲ್ಬರ್ನ್ ವಿಶ್ವವಿದ್ಯಾಲಯದ ಲೀಸಾ ಗಿಬ್ಸ್ ನೇತೃತ್ವದ ‘ಬಿಯಾಂಡ್ ಬುಷ್‌ಫೈರ್ಸ್’ ತಂಡ ಅಲ್ಲಿನ ಸಾವಿರದಷ್ಟು ಜನರನ್ನು ಹತ್ತು ವರ್ಷ ಹಿಂಬಾಲಿಸಿತು. ಬೆಂಕಿಯಾಗಿ ಮೂರು ನಾಲ್ಕು ವರ್ಷ ಕಳೆದ ಮೇಲೂ ತೀವ್ರವಾಗಿ ಸುಟ್ಟ ಊರುಗಳಲ್ಲಿ ಶೇ 15.6ರಷ್ಟು ಜನರಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಯ, ಅಂದರೆ ಪಿಟಿಎಸ್‌ಡಿಯ, ಲಕ್ಷಣಗಳಿದ್ದವು. ಬೆಂಕಿ ಅಷ್ಟಾಗಿ ತಟ್ಟದ ಊರುಗಳಲ್ಲಿ ಈ ಪ್ರಮಾಣ ಶೇ 1. ಖಿನ್ನತೆಯ ಪ್ರಮಾಣ ಒಂದೆಡೆ ಶೇ 13, ಇನ್ನೊಂದೆಡೆ ಶೇ 6.3. ಈ ಅಂಕಿಗಳನ್ನು ಎರಡು ಕಡೆಯಿಂದಲೂ ಓದಬೇಕು. ವರ್ಷಗಳ ಬಳಿಕವೂ ಆರೇಳು ಜನರಲ್ಲಿ ಒಬ್ಬರು ನರಳುತ್ತಿದ್ದರು ಎಂಬುದು ಎಷ್ಟು ನಿಜವೋ, ಅದೇ ಹೊಗೆ ಕುಡಿದ, ಅದೇ ಸಾವುಗಳನ್ನು ಕಂಡ ಉಳಿದವರಲ್ಲಿ ಆ ಕಾಯಿಲೆ ಬೇರುಬಿಟ್ಟಿರಲಿಲ್ಲ ಎಂಬುದೂ ಅಷ್ಟೇ ನಿಜ. ಈ ಎರಡು ಗುಂಪುಗಳ ನಡುವೆ ವ್ಯತ್ಯಾಸ ತಂದದ್ದು ಏನು ಎಂಬುದೇ ನೆರವು ಕೊಡಹೊರಟವರು ಕೇಳಬೇಕಾದ ಪ್ರಶ್ನೆ.

ಬೆಂಕಿಗೆ ಎಷ್ಟು ಹತ್ತಿರವಿದ್ದರು, ಯಾರನ್ನು ಕಳೆದುಕೊಂಡರು, ಆದಾಯ ಎಷ್ಟು ನಿಂತಿತು ಎಂಬವು ಖಂಡಿತ ಲೆಕ್ಕಕ್ಕೆ ಬರುತ್ತವೆ. ಆದರೆ ಅವು ಆಗಿಹೋದ ಸಂಗತಿಗಳು, ಇನ್ನು ತಿದ್ದಲಾಗದಂಥವು. ತಿದ್ದಬಹುದಾದ್ದು ಏನೆಂಬುದು ‘ಬಿಯಾಂಡ್ ಬುಷ್‌ಫೈರ್ಸ್’ ಯೋಜನೆಯ ಮನಶ್ಶಾಸ್ತ್ರಜ್ಞ ರಿಚರ್ಡ್ ಬ್ರಯಂಟ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಕಾಣುತ್ತದೆ. ಅವರು ಒಬ್ಬೊಬ್ಬರನ್ನೂ ಬಿಡಿಯಾಗಿ ಅಳೆಯದೆ, ಯಾರಿಗೆ ಯಾರು ಆಪ್ತರು ಎಂದು ಕೇಳಿ ಊರಿನ ನಂಟಿನ ಜಾಲವನ್ನೇ ಬಿಡಿಸಿದರು. ತನಗೆ ಆಪ್ತರು ಎಂದು ಹೇಳಿಕೊಳ್ಳಲು ಕೆಲವರಷ್ಟೇ ಇದ್ದವರಲ್ಲಿ ಖಿನ್ನತೆ ಹೆಚ್ಚು. ಇದು ಯಾರಾದರೂ ಊಹಿಸಬಹುದಾದ ಮಾತು. ಕುತೂಹಲದ್ದು ಮುಂದಿನದು: ಆಪ್ತರು ಊರು ಬಿಟ್ಟುಹೋಗಿದ್ದರೆ ಉಳಿದವರಲ್ಲಿ ಖಿನ್ನತೆಯ ಸಂಭವ ಹೆಚ್ಚುತ್ತಿತ್ತು, ಆಪ್ತರೇ ಖಿನ್ನರಾಗಿದ್ದರೂ ಹಾಗೆಯೇ. ಪಿಟಿಎಸ್‌ಡಿಯ ಲೆಕ್ಕ ಸ್ವಲ್ಪ ಬೇರೆ. ತನ್ನನ್ನು ಆಪ್ತನೆಂದು ಹೆಸರಿಸಿದವರು ಕಡಿಮೆ ಇದ್ದರೆ, ಹೆಸರಿಸಿದವರು ಹೆಚ್ಚು ಆಸ್ತಿ ಕಳೆದುಕೊಂಡವರಾಗಿದ್ದರೆ, ತನ್ನ ಆಪ್ತರು ಒಬ್ಬರಿಗೊಬ್ಬರು ಪರಿಚಯವಿಲ್ಲದವರಾಗಿದ್ದರೆ ಅಪಾಯ ಹೆಚ್ಚು. ಕೊನೆಯ ಅಂಶವನ್ನು ತುಸು ನಿಂತು ನೋಡಬೇಕು. ನಾಲ್ವರು ಗೆಳೆಯರಿದ್ದೂ ಆ ನಾಲ್ವರೂ ಪರಸ್ಪರ ಅಪರಿಚಿತರಾಗಿದ್ದರೆ, ಒಬ್ಬನ ಕಷ್ಟ ನಾಲ್ಕು ಕಡೆ ಚೂರುಚೂರಾಗಿ ತಿಳಿಯುತ್ತದೆಯೇ ಹೊರತು ಯಾರಿಗೂ ಇಡಿಯಾಗಿ ತಿಳಿಯುವುದಿಲ್ಲ. ‘ಅವನು ಮೂರು ದಿನದಿಂದ ಮನೆಯಿಂದ ಹೊರಗೆ ಬಂದಿಲ್ಲ’ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವ ದಾರಿಯೇ ಅಲ್ಲಿ ಇರುವುದಿಲ್ಲ. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಅನ್ನ ಸಾರು ತರುತ್ತಾರೆ. ಆ ರೂಢಿ ನಡೆಯುವುದು ನೆರೆಯವರ ಒಲೆ ಉರಿಯುತ್ತಿರುವಾಗ. ಊರಿಗೆ ಊರೇ ಸುಟ್ಟಾಗ ಅನ್ನ ತರಬೇಕಾದವರೂ ಅನ್ನಕ್ಕೆ ಕಾಯುವವರೇ. ಒಂದು ಮನೆಯ ದುಃಖದಿಂದ ಕಾಡ್ಗಿಚ್ಚಿನ ದುಃಖ ಬೇರೆಯಾಗುವುದು ಇಲ್ಲಿ.

ಈ ಪುರಾವೆಗೆ ಸಲೀಸಾಗಿ ಎತ್ತಬಹುದಾದ ತಕರಾರು ಒಂದಿದೆ. ಒಂಟಿತನದಿಂದ ಖಿನ್ನತೆ ಬಂತೋ, ಖಿನ್ನತೆಯಿಂದ ಒಂಟಿತನ ಬಂತೋ? ಮನಸ್ಸು ಮುದುಡಿದವನು ತಾನಾಗಿಯೇ ಜನರಿಂದ ದೂರ ಸರಿಯುತ್ತಾನಲ್ಲ? ಒಂದು ಕಾಲದ ಚಿತ್ರವನ್ನಷ್ಟೇ ನೋಡಿದರೆ ಈ ಸಂಶಯಕ್ಕೆ ಪೂರ್ತಿ ಉತ್ತರವಿಲ್ಲ. ಅದೇ ಯೋಜನೆಯ ಇನ್ನೊಂದು ವಿಶ್ಲೇಷಣೆ ಕಾಲಾನುಕ್ರಮವನ್ನು ಹಿಡಿದು ಸಾಗಿತು. ಸ್ಥಳೀಯ ಸಂಘಗಳಲ್ಲಿ ಜನ ಎಷ್ಟು ತೊಡಗಿದ್ದರು ಎಂಬುದನ್ನು ಮೊದಲು ಅಳೆದು, ಮುಂದಿನ ಸುತ್ತಿನಲ್ಲಿ ಅವರ ಮನಃಸ್ಥಿತಿ ಹೇಗಿತ್ತು ಎಂದು ನೋಡಿತು. ಒಂದೆರಡು ಸಂಘಗಳಲ್ಲಿ ಹಿತಮಿತವಾಗಿ ಇದ್ದವರ ಸ್ಥಿತಿ ಯಾವುದರಲ್ಲೂ ಇಲ್ಲದವರಿಗಿಂತ ಚೆನ್ನಾಗಿತ್ತು. ತಾನೊಬ್ಬ ಎಷ್ಟು ಸಂಘಗಳಲ್ಲಿದ್ದಾನೆ ಎಂಬುದರ ಜೊತೆಗೆ ಸುತ್ತಲಿನವರು ಎಷ್ಟು ತೊಡಗಿಕೊಂಡಿದ್ದಾರೆ ಎಂಬುದೂ ಲೆಕ್ಕಕ್ಕೆ ಬಂತು. ಖಿನ್ನನಾದವನು ಸಂಘ ಬಿಟ್ಟ ಎಂಬುದೊಂದೇ ಕಾರಣವಾಗಿದ್ದರೆ ನೆರೆಯವರ ಒಡನಾಟ ಅವನ ಮನಸ್ಸಿನ ಮೇಲೆ ಗುರುತು ಬಿಡುವುದಕ್ಕೆ ಅರ್ಥವಿರುತ್ತಿರಲಿಲ್ಲ. ಇದೇ ವಿಶ್ಲೇಷಣೆ ಅತ್ಯುತ್ಸಾಹಿಗಳಿಗೆ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ: ಬಹಳ ಸಂಘಗಳನ್ನು ಹೆಗಲಿಗೆ ಹಾಕಿಕೊಂಡವರಲ್ಲಿ ಆ ಲಾಭ ಕಾಣಲಿಲ್ಲ. ಊರು ಕಟ್ಟುವ ಸಮಿತಿ, ಸ್ಮಾರಕದ ಸಮಿತಿ, ಶಾಲೆಯ ಸಮಿತಿ ಎಂದು ಒಬ್ಬರೇ ಓಡಾಡಿ ದಣಿಯುವುದು ನೆರವು ಕೊಡುವವರನ್ನೇ ನೆರವಿಗೆ ಕಾಯುವವರನ್ನಾಗಿ ಮಾಡುತ್ತದೆ.

ಸಮುದಾಯದ ಕಡೆಗೆ ಗಮನ ಹರಿದದ್ದು ಇತ್ತೀಚಿನ ಫ್ಯಾಷನ್ ಅಲ್ಲ. 1942ರಲ್ಲಿ ಬೋಸ್ಟನ್‌ನ ಕೋಕೋನಟ್ ಗ್ರೋವ್ ನೈಟ್‌ಕ್ಲಬ್ಬಿನ ಬೆಂಕಿ 492 ಜನರನ್ನು ಕೊಂದಾಗ ಮನೋವೈದ್ಯ ಎರಿಕ್ ಲಿಂಡೆಮನ್ ಬದುಕುಳಿದವರ, ಸತ್ತವರ ಬಂಧುಗಳ ಶೋಕವನ್ನು ಅಭ್ಯಾಸ ಮಾಡಿ, ಅದು ರೋಗವಲ್ಲ, ಸರಿಯಾದ ಒತ್ತಾಸೆ ಸಿಕ್ಕರೆ ದಾಟಬಹುದಾದ ಹಾದಿ ಎಂದು ತೋರಿಸಿದರು. ಅಮೆರಿಕದ ಸಮುದಾಯ ಮಾನಸಿಕ ಆರೋಗ್ಯದ ಚಳವಳಿಗೆ ಆ ಕೆಲಸ ಒಂದು ಬೇರು. ಆಮೇಲೆ ದಾರಿ ಸ್ವಲ್ಪ ತಪ್ಪಿತು. ಎಂಬತ್ತರ ದಶಕದಿಂದ ‘ಡಿಬ್ರೀಫಿಂಗ್’ ಜನಪ್ರಿಯವಾಯಿತು. ಆಘಾತವಾದ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಕೂರಿಸಿ, ಕಂಡದ್ದನ್ನೆಲ್ಲ ಒಂದೇ ಬೈಠಕ್ಕಿನಲ್ಲಿ ಹೇಳಿಸಿಬಿಟ್ಟರೆ ಮುಂದೆ ಕಾಯಿಲೆ ಬರುವುದಿಲ್ಲ ಎಂಬುದು ಅದರ ನಂಬಿಕೆ. ಬ್ರಿಟನ್ನಿನ ಜೊನಾಥನ್ ಬಿಸನ್ ಮತ್ತು ಸಂಗಡಿಗರು 1997ರಲ್ಲಿ ಸುಟ್ಟಗಾಯದ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಹದಿಮೂರು ತಿಂಗಳ ಬಳಿಕ ಡಿಬ್ರೀಫಿಂಗ್ ಪಡೆದವರಲ್ಲಿ ಶೇ 26, ಪಡೆಯದವರಲ್ಲಿ ಶೇ 9 ಮಂದಿಗೆ ಪಿಟಿಎಸ್‌ಡಿ ಕಂಡಿತು. ಡಿಬ್ರೀಫಿಂಗ್ ಪಡೆದ ಗುಂಪಿನಲ್ಲಿ ಮೊದಲೇ ಗಾಯ ಹೆಚ್ಚು ತೀವ್ರವಾಗಿತ್ತೆಂಬುದನ್ನು ಲೆಕ್ಕಕ್ಕೆ ಹಿಡಿದರೂ, ಮುಂದಿನ ಸಮಗ್ರ ಪರಾಮರ್ಶೆಗಳು ಅದರಿಂದ ಪ್ರಯೋಜನವಿಲ್ಲವೆಂದೇ ತೀರ್ಮಾನಿಸಿದವು. ‘ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ’ ಎಂಬ ಮಾತು ಸುಳ್ಳಲ್ಲ. ಆದರೆ ಯಾರಿಗೆ, ಯಾವಾಗ, ಎಷ್ಟು ಹೇಳಬೇಕೆಂಬುದನ್ನು ಹೇಳುವವನೇ ನಿರ್ಧರಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಕೈಪಿಡಿಯಾಗಿ ಹೊರತಂದ ‘ಮಾನಸಿಕ ಪ್ರಥಮ ಚಿಕಿತ್ಸೆ’ ಈ ಪಾಠವನ್ನು ಮೈಗೂಡಿಸಿಕೊಂಡಿದೆ. ಸುತ್ತ ನೋಡು, ಕಿವಿಗೊಡು, ಬೇಕಾದವರ ಜೊತೆ ಜೋಡಿಸು: ಮೂರೇ ಕೆಲಸ, ಯಾವುದಕ್ಕೂ ವೈದ್ಯ ಪದವಿ ಬೇಡ. ಬ್ಲ್ಯಾಕ್ ಸ್ಯಾಟರ್‌ಡೇ ಬಳಿಕ ವಿಕ್ಟೋರಿಯಾದಲ್ಲಿ ಇಂಥದೇ ಪ್ರಥಮ ಚಿಕಿತ್ಸೆಯನ್ನು ಮೊದಲ ಹಂತವಾಗಿಟ್ಟು, ನರಳಾಟ ಮುಂದುವರಿದವರಿಗೆ ಸಮಸ್ಯೆ ಬಿಡಿಸುವುದನ್ನೂ ಒಡನಾಟ ಮರಳಿ ಕಟ್ಟಿಕೊಳ್ಳುವುದನ್ನೂ ಕೆಲವೇ ಬೈಠಕ್ಕುಗಳಲ್ಲಿ ಕಲಿಸುವ ಎರಡನೇ ಹಂತ, ಕಾಯಿಲೆಯೇ ಆದವರಿಗೆ ತಜ್ಞ ಚಿಕಿತ್ಸೆಯ ಮೂರನೇ ಹಂತ ಎಂಬ ಏರ್ಪಾಡು ಮಾಡಿದರು. ಸಂತ್ರಸ್ತ ಕುಟುಂಬಗಳಿಗೆ ಒಬ್ಬೊಬ್ಬ ಕೇಸ್ ಮ್ಯಾನೇಜರನ್ನೂ ಕೊಟ್ಟರು. ವಿಮೆಯ ಅರ್ಜಿ, ಮನೆ ಕಟ್ಟುವ ಪರವಾನಗಿ, ಮಕ್ಕಳ ಶಾಲೆ, ಎಲ್ಲಕ್ಕೂ ಒಬ್ಬರೇ ಸಂಪರ್ಕ. ಕಾಗದಪತ್ರದ ಕೆಲಸವನ್ನು ಮಾನಸಿಕ ನೆರವಿನ ಲೆಕ್ಕಕ್ಕೆ ಸೇರಿಸುವುದು ವಿಚಿತ್ರವೆನಿಸಬಹುದು. ಆದರೆ ಸುಟ್ಟ ಮನೆಯ ಪಟ್ಟಿಯನ್ನು ಹತ್ತು ಕಚೇರಿಗಳಲ್ಲಿ ಹತ್ತು ಸಲ ಬರೆದುಕೊಡುವುದೇ ಒಂದು ಗಾಯ. ಅದನ್ನು ತಪ್ಪಿಸಿದವರು ಆಪ್ತಸಮಾಲೋಚಕರಷ್ಟೇ ಉಪಕಾರ ಮಾಡಿದ್ದಾರೆ.

ಅಮೆರಿಕದಲ್ಲಿ ಇದೇ ಆಲೋಚನೆ ಕಾನೂನಿನ ರೂಪದಲ್ಲಿದೆ. ಅಧ್ಯಕ್ಷರು ವಿಪತ್ತೆಂದು ಘೋಷಿಸಿದ ಪ್ರದೇಶಗಳಿಗೆ ಸ್ಟಾಫರ್ಡ್ ಕಾಯಿದೆಯ ಅಡಿ ಹಣ ಸಿಗುವ ‘ಕ್ರೈಸಿಸ್ ಕೌನ್ಸೆಲಿಂಗ್’ ಯೋಜನೆಯಲ್ಲಿ ಸ್ಥಳೀಯರನ್ನೇ ತರಬೇತುಗೊಳಿಸಿ ಮನೆಮನೆಗೆ, ನಿರಾಶ್ರಿತರ ಶಿಬಿರಕ್ಕೆ, ಗ್ರಂಥಾಲಯಕ್ಕೆ ಕಳಿಸುತ್ತಾರೆ. ಅವರು ರೋಗನಿರ್ಣಯ ಮಾಡುವುದಿಲ್ಲ, ಬಂದವರ ಹೆಸರಿನಲ್ಲಿ ಕಡತ ತೆರೆಯುವುದಿಲ್ಲ. ‘ನನಗೇನೂ ಹುಚ್ಚಿಲ್ಲ’ ಎನ್ನುವವರ ಮುಂದೆ ಬಾಗಿಲು ತೆರೆಯುವುದು ಹೀಗೆಯೇ. ಆಸ್ಟ್ರೇಲಿಯಾ ಸರ್ಕಾರ 2019-20ರ ಭಾರೀ ಬೆಂಕಿಗಳ ಬಳಿಕ 7.6 ಕೋಟಿ ಡಾಲರಿನ ಪ್ಯಾಕೇಜ್ ಘೋಷಿಸಿ, ವೈದ್ಯರ ಶಿಫಾರಸು ಚೀಟಿ ಇಲ್ಲದೆ ಹತ್ತು ಉಚಿತ ಸಮಾಲೋಚನೆಗಳಿಗೆ ಅವಕಾಶ ಕೊಟ್ಟಿತು. ಆ ಚೀಟಿಯೊಂದನ್ನು ತೆಗೆದುಹಾಕಿದ್ದು ನನ್ನ ಲೆಕ್ಕದಲ್ಲಿ ಹಣದಷ್ಟೇ ದೊಡ್ಡ ನಿರ್ಧಾರ.

ಸಮುದಾಯದ ಮಾತು ಎತ್ತಿದಾಗಲೆಲ್ಲ ಕೇಳಿಬರುವ ಗಂಭೀರ ಆಕ್ಷೇಪ ಬೇರೆಯದು: ಸರ್ಕಾರಗಳು ‘ಸಮುದಾಯವೇ ನೋಡಿಕೊಳ್ಳುತ್ತದೆ’ ಎಂದು ಕೈತೊಳೆದುಕೊಳ್ಳಲು ಇದು ನೆಪವಾಗುವುದಿಲ್ಲವೇ? ಆಗಬಹುದು. ಪಿಟಿಎಸ್‌ಡಿ ಗಟ್ಟಿಯಾಗಿ ಕೂತವರಿಗೆ ನೆರೆಯವರ ಚಹಾ ಸಾಲದು. ಆಘಾತವನ್ನೇ ಗುರಿಯಾಗಿಸುವ ಅರಿವು-ವರ್ತನಾ ಚಿಕಿತ್ಸೆ ಬೇಕು, ಅದಕ್ಕೆ ತರಬೇತಾದ ತಜ್ಞರು ಬೇಕು. ಮನೋವೈದ್ಯ ಅಲೆಕ್ಸಾಂಡರ್ ಮ್ಯಾಕ್‌ಫಾರ್ಲೇನ್ ಆಸ್ಟ್ರೇಲಿಯಾದ 1983ರ ‘ಆ್ಯಶ್ ವೆಡ್ನೆಸ್‌ಡೇ’ ಬೆಂಕಿಯಲ್ಲಿ ಹೋರಾಡಿದ ಅಗ್ನಿಶಾಮಕರನ್ನು ಅಭ್ಯಾಸ ಮಾಡಿದಾಗ, ಮೊದಲಿಗೆ ಚೆನ್ನಾಗಿಯೇ ಇದ್ದ ಕೆಲವರಲ್ಲಿ ತಿಂಗಳುಗಳ ಬಳಿಕ ಕಾಯಿಲೆ ತಲೆಯೆತ್ತಿದ್ದು ಕಂಡಿತು. ಇಂಥವರನ್ನು ಗುರುತಿಸುವವರು ಯಾರು? ಶಿಬಿರ ಮುಚ್ಚಿ ತಜ್ಞರ ತಂಡ ಮರಳಿದ ಮೇಲೆ ಅಲ್ಲಿ ಉಳಿಯುವವರು ಶಾಲೆಯ ಟೀಚರು, ಊರಿನ ವೈದ್ಯ, ಅಗ್ನಿಶಾಮಕ ಠಾಣೆಯ ಸಹೋದ್ಯೋಗಿ. ಸಮುದಾಯಕ್ಕೆ ಕೊಟ್ಟ ಹಣ ತಜ್ಞರಿಂದ ಕಿತ್ತುಕೊಂಡ ಹಣ ಎಂಬ ಲೆಕ್ಕ ಸರಿಯಲ್ಲ. ಮೊದಲನೆಯದಿಲ್ಲದಿದ್ದರೆ ಎರಡನೆಯದರ ಕುರ್ಚಿ ಖಾಲಿ ಇರುತ್ತದೆ. ಆದರೆ ಸಂಘಗಳಿಗೆ ಹಣವನ್ನೂ ತರಬೇತಿಯನ್ನೂ ಕೊಡದೆ ಹೊಣೆಯನ್ನಷ್ಟೇ ಹೊರಿಸಿದರೆ ಆಕ್ಷೇಪಿಸುವವರದೇ ಸರಿ.

ಇನ್ನೊಂದು ಆಕ್ಷೇಪವನ್ನು ನಾನು ಇದಕ್ಕಿಂತ ಭಾರವಾದದ್ದೆಂದು ಎಣಿಸುತ್ತೇನೆ. ಊರು ಎಂಬುದು ಒಂದೇ ದನಿಯ ಕೂಟವಲ್ಲ. ವಿಕ್ಟೋರಿಯಾದ ಅಧ್ಯಯನದಲ್ಲೇ ಹೆಚ್ಚು ಸುಟ್ಟ ಊರುಗಳ ಹೆಂಗಸರು ಹಿಂಸೆ ಅನುಭವಿಸಿದ ಪ್ರಮಾಣ ಹೆಚ್ಚಿತ್ತು. ಮನೆಯೇ ಅಪಾಯದ ಜಾಗವಾದಾಗ ‘ಮನೆಯವರ ಆಸರೆ’ ಎಂಬ ಮಾತು ಅಣಕವಾಗುತ್ತದೆ. 2017ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಕೌಂಟಿ ಉರಿದಾಗ ದ್ರಾಕ್ಷಿ ತೋಟಗಳ ಕೂಲಿಗಳಲ್ಲಿ ಅನೇಕರು ವಲಸೆಯ ದಾಖಲೆ ಇಲ್ಲದವರು, ಸ್ಪ್ಯಾನಿಷ್ ಆಡುವವರು. ಸರ್ಕಾರಿ ಪರಿಹಾರ ಕೇಂದ್ರದ ಬಾಗಿಲಿಗೆ ಬರಲೇ ಅಂಜುವವರು. ಅವರಿಗಾಗಿ ‘ಅನ್‌ಡಾಕ್ಯುಫಂಡ್’ ಎಂಬ ಪ್ರತ್ಯೇಕ ನಿಧಿಯನ್ನೇ ಕಟ್ಟಬೇಕಾಯಿತು. ಸಮುದಾಯದ ಮೂಲಕ ಹೋಗುವ ನೆರವು ಆ ಸಮುದಾಯದ ಮೇಲುಕೀಳನ್ನೂ ಹೊತ್ತುಕೊಂಡೇ ಹೋಗುತ್ತದೆ. ಇದಕ್ಕೆ ಮದ್ದು ಸಮುದಾಯವನ್ನು ಬಿಡುವುದಲ್ಲ. ಒಂದೇ ಸಭಾಭವನಕ್ಕೆ ಜೋತುಬೀಳದೆ ಹೆಂಗಸರ ಕೂಟ, ಕಾರ್ಮಿಕರ ಸಂಘ, ಚರ್ಚು, ಶಾಲೆ ಎಂದು ಹಲವು ಬಾಗಿಲುಗಳನ್ನು ತೆರೆದಿಡುವುದು.

ಶಾಲೆಯ ಬಾಗಿಲು ಇವುಗಳಲ್ಲಿ ಮುಖ್ಯವಾದದ್ದು. ವಿಕ್ಟೋರಿಯಾದಲ್ಲಿ ಬೆಂಕಿಯಾಗಿ ಕೆಲವು ವರ್ಷಗಳಾದ ಮೇಲೂ ಹೆಚ್ಚು ಸುಟ್ಟ ಪ್ರದೇಶಗಳ ಪ್ರಾಥಮಿಕ ಶಾಲೆಯ ಮಕ್ಕಳು ಮೂರನೇ ತರಗತಿಯಿಂದ ಐದನೇ ತರಗತಿಯ ನಡುವೆ ಓದಿನಲ್ಲಿ, ಲೆಕ್ಕದಲ್ಲಿ ನಿರೀಕ್ಷಿಸಿದಷ್ಟು ಮುಂದೆ ಹೋಗಿರಲಿಲ್ಲ. ಮಗು ಅಳಲಿಲ್ಲ, ಹೆದರಲಿಲ್ಲ, ಆದ್ದರಿಂದ ಸರಿಯಾಗಿದೆ ಎಂದು ತಿಳಿದ ಹಿರಿಯರಿಗೆ ಅಂಕಪಟ್ಟಿ ಬೇರೆ ಕಥೆ ಹೇಳಿತು.

ಕರ್ನಾಟಕಕ್ಕೆ ಈ ಚರ್ಚೆ ಹೊರಗಿನದಲ್ಲ. 1981ರ ಫೆಬ್ರುವರಿ 7ರಂದು, ಕಾಕತಾಳೀಯವಾಗಿ ಬ್ಲ್ಯಾಕ್ ಸ್ಯಾಟರ್‌ಡೇಯ ದಿನಾಂಕದಂದೇ, ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. ನಿಮ್ಹಾನ್ಸ್ ಸಂಸ್ಥೆ ಆ ಕುಟುಂಬಗಳ ಶೋಕವನ್ನು ಅಭ್ಯಾಸ ಮಾಡಿತು. ಭಾರತದಲ್ಲಿ ವಿಪತ್ತಿನ ಮನಸ್ಸನ್ನು ಕುರಿತ ಆರಂಭದ ಅಧ್ಯಯನಗಳಲ್ಲಿ ಅದೂ ಒಂದು. 1984ರ ಭೋಪಾಲ ದುರಂತದ ಬಳಿಕ ಮನೋವೈದ್ಯ ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು ಅಲ್ಲಿನ ಸಾಮಾನ್ಯ ವೈದ್ಯಾಧಿಕಾರಿಗಳಿಗೇ ಮಾನಸಿಕ ಆರೈಕೆಯ ತರಬೇತಿ ಕೊಟ್ಟರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಇಂಥದೇ ಪ್ರಯೋಗ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋವೈದ್ಯರು ಬೆರಳೆಣಿಕೆಯಷ್ಟಿದ್ದ ದೇಶ ಅನಿವಾರ್ಯತೆಯಿಂದ ಹಿಡಿದ ದಾರಿಗೇ, ಮನೋವೈದ್ಯರು ಸಾಕಷ್ಟಿದ್ದ ದೇಶಗಳು ಅನುಭವದಿಂದ ಬಂದು ಸೇರಿದವು. 2022ರಿಂದ ದೇಶದಾದ್ಯಂತ 14416 ಸಂಖ್ಯೆಯಲ್ಲಿ ಹಗಲಿರುಳು ಸಿಗುವ ಟೆಲಿ-ಮಾನಸ್ ಸಹಾಯವಾಣಿಗೂ ನಿಮ್ಹಾನ್ಸ್ ಕೇಂದ್ರ ಸ್ಥಾನ.

ಊರೇ ಚದುರಿಹೋದಾಗ ಏನು ಮಾಡಬೇಕೆಂಬುದು ಈ ಕ್ಷೇತ್ರದ ಬಿಡಿಸದ ಗಂಟು. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ‘ಕ್ಯಾಂಪ್ ಫೈರ್’ 85 ಜನರನ್ನು ಕೊಂದು 18,000ಕ್ಕೂ ಹೆಚ್ಚು ಕಟ್ಟಡಗಳನ್ನು ಸುಟ್ಟಿತು. 26,000ದಷ್ಟು ಜನರಿದ್ದ ಪ್ಯಾರಡೈಸ್ ಪಟ್ಟಣ ಬಹುಪಾಲು ಬೂದಿಯಾಯಿತು. ಬದುಕುಳಿದವರು ಪಕ್ಕದ ಚೀಕೊ ನಗರಕ್ಕೆ, ಅಲ್ಲಿ ಬಾಡಿಗೆ ಮನೆ ಸಿಗದವರು ಬೇರೆ ರಾಜ್ಯಗಳಿಗೆ ಹೋದರು. ಮನೆಬಾಗಿಲಿಗೆ ಹೋಗುವ ಸಮಾಲೋಚಕನಿಗೆ ಮನೆಯೂ ಇಲ್ಲ, ಬಾಗಿಲೂ ಇಲ್ಲ. ಅಮೆರಿಕದ ‘ಕ್ರೈಸಿಸ್ ಕೌನ್ಸೆಲಿಂಗ್’ ಯೋಜನೆಯ ಮುಖ್ಯ ಹಂತಕ್ಕೆ ಹಣ ಸಿಗುವುದು ಸಾಮಾನ್ಯವಾಗಿ ಒಂಬತ್ತು ತಿಂಗಳಿಗೆ. ವಿಕ್ಟೋರಿಯಾದಲ್ಲಿ ಶೇ 15.6 ಎಂಬ ಅಂಕಿ ಸಿಕ್ಕಿದ್ದು ಮೂರು ನಾಲ್ಕು ವರ್ಷಗಳಾದ ಮೇಲೆ. ವಿಪತ್ತಿಗೆ ಸಿಕ್ಕವರಿಗಾಗಿ ಅಮೆರಿಕದಲ್ಲಿರುವ ರಾಷ್ಟ್ರೀಯ ಸಹಾಯವಾಣಿಗೆ ಯಾವ ಊರಿನಿಂದಲಾದರೂ ಕರೆ ಮಾಡಬಹುದು. ಆದರೆ ಆ ತುದಿಯಲ್ಲಿ ಕೇಳಿಸಿಕೊಳ್ಳುವವರು ಪ್ಯಾರಡೈಸಿನ ಬೀದಿಗಳನ್ನು ಕಂಡವರಲ್ಲ.