ಗಿಗ್ ಕೆಲಸ
ಗಿಗ್ ಕೆಲಸ: ಕಾಯಂ ನೇಮಕಾತಿಯಿಲ್ಲದೆ, ಹೆಚ್ಚಾಗಿ ಮೊಬೈಲ್ ಆ್ಯಪ್ ಮೂಲಕ ಬಿಡಿಬಿಡಿಯಾಗಿ ಹಂಚಿಕೆಯಾಗಿ, ಕೆಲಸಕ್ಕಿಷ್ಟು ಎಂದು ಹಣ ಸಂದಾಯವಾಗುವ ದುಡಿಮೆ. ಟ್ಯಾಕ್ಸಿ ಚಾಲನೆ, ಊಟ-ದಿನಸಿ ವಿತರಣೆ, ಮನೆ ರಿಪೇರಿ ಸ್ಥಳದಲ್ಲೇ ಆಗಬೇಕಾದ ಬಗೆ. ಅನುವಾದ, ವಿನ್ಯಾಸ, ದತ್ತಾಂಶ ಗುರುತಿಸುವಿಕೆ ದೂರದಿಂದಲೂ ಮಾಡಬಹುದಾದ ಬಗೆ.

ಬಿಡಿಗೆಲಸ ಹಳೆಯದೇ. ಸ್ಮಾರ್ಟ್‌ಫೋನ್ ಮತ್ತು ಜಿಪಿಎಸ್ ಅದಕ್ಕೆ ಈಗಿನ ರೂಪ ಕೊಟ್ಟವು. ಅಮೆರಿಕದಲ್ಲಿ ಉಬರ್ 2009ರಲ್ಲಿ, ಭಾರತದಲ್ಲಿ ಓಲಾ 2010ರಲ್ಲಿ, ಬೆಂಗಳೂರಿನಲ್ಲಿ ಸ್ವಿಗ್ಗಿ 2014ರಲ್ಲಿ ಆರಂಭವಾದವು. ನೀತಿ ಆಯೋಗದ 2022ರ ವರದಿ 2020-21ರಲ್ಲಿ ದೇಶದ ಗಿಗ್ ಕಾರ್ಮಿಕರನ್ನು 77 ಲಕ್ಷವೆಂದು ಅಂದಾಜಿಸಿ, 2029-30ಕ್ಕೆ 2.35 ಕೋಟಿಯಾಗಬಹುದೆಂದಿತು.

ಮೇಸ್ತ್ರಿಯ ಜಾಗದಲ್ಲಿ ಅಲ್ಗಾರಿದಮ್ ಇರುವುದು ಇದರ ಮುಖ್ಯ ಲಕ್ಷಣ. ಯಾರಿಗೆ ಆರ್ಡರ್, ಎಷ್ಟು ದರ, ಯಾವ ಪ್ರೋತ್ಸಾಹಧನ ಎಂಬುದನ್ನು ಅದು ನಿರ್ಧರಿಸುತ್ತದೆ. ಗ್ರಾಹಕರು ಕೊಡುವ ರೇಟಿಂಗ್ ಕುಸಿದರೆ ಆ್ಯಪ್‌ನಲ್ಲಿ ಕಾರ್ಮಿಕರ ಐಡಿ ಸ್ಥಗಿತಗೊಳ್ಳಬಹುದು. ಸಮಯದ ಆಯ್ಕೆ ಕಾರ್ಮಿಕರದ್ದು. ವಾಹನ, ಇಂಧನ, ಅಪಘಾತದ ಹೊರೆಯೂ ಬಹುಪಾಲು ಅವರದ್ದೇ. ಕಂಪನಿಗಳು ಇವರನ್ನು ನೌಕರರೆನ್ನದೆ 'ಪಾಲುದಾರ'ರೆನ್ನುವುದರಿಂದ ಭವಿಷ್ಯನಿಧಿ, ರಜೆ, ಕನಿಷ್ಠ ವೇತನದ ಹಕ್ಕು ವಿವಾದದಲ್ಲಿದೆ. 2021ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಉಬರ್ ಚಾಲಕರನ್ನು ಕನಿಷ್ಠ ವೇತನಕ್ಕೆ ಅರ್ಹ ಕಾರ್ಮಿಕರೆಂದಿತು.

ಭಾರತದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕಾರ್ಮಿಕರನ್ನು ವ್ಯಾಖ್ಯಾನಿಸಿತು. ಪ್ರತ್ಯೇಕ ಕಾಯ್ದೆ ಮೊದಲು ಬಂದದ್ದು ರಾಜಸ್ಥಾನದಲ್ಲಿ, 2023ರಲ್ಲಿ. ಕರ್ನಾಟಕದ 2025ರ ಕಾಯ್ದೆಯು ಕಲ್ಯಾಣ ಮಂಡಳಿ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಮೇಲೆ ಶೇ. 1ರಿಂದ 5ರಷ್ಟು ಕಲ್ಯಾಣ ಶುಲ್ಕ ಹಾಗೂ ಕೆಲಸದಿಂದ ತೆಗೆಯುವ ಮುನ್ನ 14 ದಿನಗಳ ನೋಟಿಸಿಗೆ ಅವಕಾಶ ಕಲ್ಪಿಸಿದೆ.